ಆರಡಿಯ ಮಾದರಿ ತಿಪ್ಪಿ

ಬೆಳ್ಳಟ್ಟಿಯ ಬುಡ್ಡೇಸಾಬನ ತಿಪ್ಪಿಯು ಸಾವಿರದ ಒಂಬೈನೂರ ಎಪ್ಪತ್ತೆಂಟನೆಯ ಇಸವಿಯ ದೀಪಾವಳಿಯ ಮರುದಿನದಿಂದ ಸರಕಾರದ ಮರ್ಯಾದೆಯ ಪ್ರಶ್ನೆಯಾಯಿತು. ಅಲ್ಲಿಯವರೆಗೆ ಅದು ಬರೀ ತಿಪ್ಪಿಯಾಗಿತ್ತು.

ಆಗಿದ್ದಿಷ್ಟು. ಗೊಬ್ಬರ ಆಂದೋಲನದ ಸಾಹೇಬರು ಮೈಸೂರ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದರು. ಕಸ ಕೊಳೆಸಿರಿ, ಭೂಮಿಯಿಂದ ತಕ್ಕೊಂಡ ಸಾರವನ್ನು ಭೂಮಿಗೇ ಮರಳಿಸಿರಿ ಎಂದು ಊರೂರಿಗೆ ಜೀಪಿನಲ್ಲಿ ಹೋಗಿ ಹೇಳುವುದು ಅವರ ನೌಕರಿ. ಆ ಜೀಪು ಬುಡ್ಡೇಸಾಬನ ಹಿತ್ತಲ ಮುಂದೆ ಬಂದು ನಿಂತಿತು. ಹಿಂದಿನ ದಿನ ಪಾಡ್ಯ. ಮಗ್ಗಲ ಮನೆಯ ರಾಮವ್ವನಿಗೆ ಸ್ವಂತ ತಿಪ್ಪಿ ಇರಲಿಲ್ಲ. ಅವಳ ಎಮ್ಮೆಗಳ ಸಗಣಿಯೂ ಬುಡ್ಡೇಸಾಬನ ತಿಪ್ಪಿಗೇ ಬೀಳುತ್ತಿತ್ತು. ಹಾಗಾಗಿ ಪ್ರತಿ ವರ್ಷ ಆಕೆ ಅಲ್ಲೇ ಸಗಣಿಯಿಂದ ಮಾಡಿದ ಪಾಂಡವರ ಗೊಂಬೆಗಳನ್ನು ಕೂಡಿಸಿ, ಚೆಂಡುಹೂವು, ಉತ್ರಾಣಿ ಕಡ್ಡಿ ಸಿಗಿಸಿ ಪೂಜೆ ಮಾಡುತ್ತಿದ್ದಳು. ಬುಡ್ಡೇಸಾಬನ ಹೆಂಡತಿ ಮೋತಿಬಿ ಅದಕ್ಕೆ ಹೂವು ಹರಿದು ಕೊಡುತ್ತಿದ್ದಳು.

ಸಾಹೇಬರು ಕೆಳಗಿಳಿದು ಹೂವು ನೋಡಿದರು.

"ನಾನು ಬರುವ ವಿಷಯ ಇವರಿಗೆ ಮೊದಲೇ ಗೊತ್ತಿತ್ತೇನ್ರೀ?"

ಗ್ರಾಮಸೇವಕ ಸಂಗಪ್ಪ ಇದೇ ಸೀಮೆಯವನು, ಹಬ್ಬ ಬಲ್ಲವನು. ಆದರೆ ಅರಳಿದ ಮೇಲಧಿಕಾರಿಯ ಮುಖವನ್ನು ಬಾಡಿಸುವುದು ಅವನ ಅಧಿಕಾರ ವ್ಯಾಪ್ತಿಯಲ್ಲಿರಲಿಲ್ಲ. "ಹೌದ್ರಿ ಸರ. ನಿಮ್ಮ ಸಲುವಾಗೇ ಹೂವು ಏರಿಸ್ಯಾರ್ರಿ."

"ಈ ಗೊಂಬೆಗಳು?"

"ಸಿಬ್ಬಂದಿರಿ ಸರ. ನಡುವ ಕುಂತಾವ್ರು ತಾವ್ರಿ."

ತಿಂಗಳೊಳಗೆ ತಿಪ್ಪಿಗೆ ಮುಳ್ಳುತಂತಿ ಬೇಲಿ ಬಂತು. ಸುತ್ತಲಿನ ಕಲ್ಲುಗಳಿಗೆ ಸುಣ್ಣ ಬಳಿಯಲಾಯಿತು. ಎಣ್ಣೆಬಣ್ಣದಲ್ಲಿ ಫಲಕ ಬರೆಸಲಾಯಿತು: "ಮಾದರಿ ತಿಪ್ಪೆ. ಎತ್ತರ ಆರು ಅಡಿ. ಸಾರ್ವಜನಿಕರು ನೋಡಿ ಕಲಿಯತಕ್ಕದ್ದು." ಸುತ್ತಲಿನ ಹಳ್ಳಿಗಳಾದ ಮಾಗಡಿಯಿಂದ, ಡೋಣಿಯಿಂದ ಜನ ಬಂದು ನೋಡಿ ಹೋದರು. ಅವರವರ ಮನೆಯಲ್ಲಿ ತಿಪ್ಪಿ ಇದ್ದವು, ಆದರೆ ಬೇಲಿಯೊಳಗಿನ ತಿಪ್ಪಿಯನ್ನು ಅವರು ಹಿಂದೆ ನೋಡಿರಲಿಲ್ಲ. ಚಹದಂಗಡಿಯಲ್ಲಿ ಮಂದಿ ಬುಡ್ಡೇಸಾಬನಿಗೆ ಎದ್ದು ಜಾಗ ಬಿಟ್ಟರು. ಅವನೂ ಕೂತ.

ಮೋತಿಬಿ ಮಾತ್ರ ಕೇಳಿದಳು: "ಮರ್ಯಾದಿ ಆತು. ಹೊಲಕ್ಕ ಯಾವಾಗ ಹಾಕೂದು?"

ಕೇಳುವ ಮಾತೇ. ಅವರಿಗೆ ಇದ್ದದ್ದೊಂದು ತುಂಡು ಕಪ್ಪು ಎರಿ ಮಣ್ಣಿನ ಹೊಲ. ಹೋದ ವರ್ಷ ಗೊಬ್ಬರ ಸಾಲದೆ ಜೋಳದ ತೆನೆ ಇಲಿಯ ಬಾಲದಂತೆ ಬಂದಿದ್ದವು. ಈ ವರ್ಷ ಗೊಬ್ಬರ ಬೀಳದಿದ್ದರೆ ದನಕ್ಕೆ ಮೇವಾದೀತು, ಮನೆಗೆ ರೊಟ್ಟಿಯಾಗದು.

"ಬ್ಯಾಸಿಗ್ಯಾಗ ಹೇರಿದ್ರಾತು, ಸುಮ್ಕಿರ" ಅಂದ ಬುಡ್ಡೇಸಾಬ.

ಬೇಸಿಗೆಗಿಂತ ಮೊದಲು ಹೋಳಿಹುಣ್ಣಿಮೆ ಬಂತು, ಅದರ ಹಿಂದೆ ಸಾಹೇಬರು ಟೇಪು ಹಿಡಿದುಕೊಂಡು ಬಂದರು. ತಿಪ್ಪಿ ನಾಲ್ಕೇ ಅಡಿ ಇತ್ತು.

"ಎರಡು ಅಡಿ ಎಲ್ಲಿ ಹೋಯಿತು?"

"ಕೊಳತು ಇಳದೈತ್ರಿ ಸಾಹೇಬರ. ಕೊಳತರನ ಅಲ್ರೀ ಗೊಬ್ಬರ?"

"ಕೊಳೆಯುವುದನ್ನು ಇಲಾಖೆ ಪ್ರೋತ್ಸಾಹಿಸುತ್ತದೆ. ಆದರೆ ಎತ್ತರ ಕಾಯ್ದುಕೊಂಡು ಕೊಳೆಯಬೇಕು."

"ಹಂಗಂತ ನೀವ ಅದಕ್ಕ ಒಂದ ಮಾತ ಹೇಳಿ ನೋಡ್ರಿ" ಎಂದು ಬಾಗಿಲ ಮರೆಯಿಂದ ಮೋತಿಬಿ ಸೂಚಿಸಿದಳು. ಸೂಚನೆಯನ್ನು ಪರಿಶೀಲಿಸಲಾಗಲಿಲ್ಲ.

"ಫಲಕದಾಗ ಆರನ್ನ ಅಳಿಸಿ ನಾಕು ಮಾಡಿದ್ರ ಹೆಂಗ್ರಿ ಸರ?" ಎಂದ ಸಂಗಪ್ಪ.

"ಫಲಕ ಮೇಲಿನಿಂದ ಮಂಜೂರಾಗಿದೆ. ತಿಪ್ಪೆ ಮಂಜೂರಾಗಿಲ್ಲ. ಆದ್ದರಿಂದ ತಿಪ್ಪೆಯನ್ನೇ ತಿದ್ದಬೇಕು."

ವಾರದೊಳಗೆ ಊರಲ್ಲಿ ಡಂಗುರ ಹೊಡೆಸಲಾಯಿತು: "ಮಾದರಿ ತಿಪ್ಪೆಯು ಕುಗ್ಗಿದಲ್ಲಿ ಮಾಲೀಕನೇ ಹೊಣೆಗಾರನು. ಕೊಳೆಯುವಿಕೆಯನ್ನು ಸಮಂಜಸ ಕಾರಣವೆಂದು ಒಪ್ಪಲಾಗುವುದಿಲ್ಲ. ಊರವರು ಸಹಕರಿಸತಕ್ಕದ್ದು."

ಊರವರು ಸಹಕರಿಸಿದರು. ಮೊದಲು ರಾಮವ್ವ ಒಲೆಗೆಂದು ತಟ್ಟಿ ಒಣಗಿಸಿದ್ದ ಕುಳ್ಳು ಬಂದವು. ಆಮೇಲೆ ಓಣಿಯವರ ಸಗಣಿ ಬಂತು, ಆಮೇಲೆ ಊರ ಮಂದಿಯ ತಿಪ್ಪಿಗಳೇ ಬುಟ್ಟಿ ಬುಟ್ಟಿಯಾಗಿ ಬಂದು ಬಿದ್ದವು. ತಿಪ್ಪಿ ಆರಡಿ ಮುಟ್ಟಿತು, ಒಂದು ವಾರ ನಿಂತಿತು, ಮತ್ತೆ ಕೊಳೆತು ಇಳಿಯಿತು. ಬಿಸಿಲು ಏರಿದಂತೆ ಅದು ಬಲು ಚಲೋ ಕೊಳೆಯಿತು. ಗೊಬ್ಬರ ಒಳ್ಳೆಯದಾದಷ್ಟೂ ಬುಡ್ಡೇಸಾಬನ ಅಪರಾಧ ದೊಡ್ಡದಾಗುತ್ತಿತ್ತು.

ರೋಹಿಣಿ ಮಳೆ ಹತ್ತಿರ ಬಂತು. ಬುಡ್ಡೇಸಾಬ ಶಿರಹಟ್ಟಿಯ ಕಚೇರಿಗೆ ಹೋಗಿ ಸಾಹೇಬರ ಮೇಜಿನ ಮುಂದೆ ನಿಂತ.

"ಸಾಹೇಬರ, ಹೊಲಕ್ಕ ಗೊಬ್ಬರ ಬೇಕ್ರಿ."

"ಬಹಳ ಸಂತೋಷ. ಆಂದೋಲನದ ಗುರಿಯೇ ಅದು."

"ಹಂಗಾರ ಹೇರಿಕೊಂಡ ಹೋಗಲ್ರಿ?"

"ನೀನು ಹೇರಿಕೊಂಡು ಹೋದರೆ ಜನ ನೋಡಿ ಕಲಿಯುವುದು ಏನನ್ನು?"

"ಹೇರಿಕೊಂಡ ಹೋಗೂದನ್ನ ಕಲೀತಾರ್ರಿ."

ಸಾಹೇಬರು ನಿಷ್ಕರುಣಿಯಲ್ಲ. ಅವರು ಬಹಳ ಹೊತ್ತು ನಿಯಮಗಳನ್ನು ತಿರುವಿ ಹಾಕಿ ಹೇಳಿದರು: "ಮಾದರಿ ಗೊಬ್ಬರ ಹೊಲಕ್ಕೆ ಹೋಗುವಂತಿಲ್ಲ. ಆದರೆ ಹೊಲವು ಗೊಬ್ಬರದ ಬಳಿಗೆ ಬರುವುದಕ್ಕೆ ಯಾವ ನಿಯಮದಲ್ಲಿಯೂ ಅಡ್ಡಿ ಕಾಣುವುದಿಲ್ಲ."

ಬುಡ್ಡೇಸಾಬ ಮನೆಗೆ ಬಂದು ಹೇಳಿದ: "ಹೊಲಾನ ಬರಬೇಕಂತ."

"ಕರಕೊಂಡ ಬಾ" ಅಂದಳು ಮೋತಿಬಿ. "ಮನ್ಯಾಗ ಯಾರೂ ನಿನ್ನ ಮಾತು ಕೇಳಂಗಿಲ್ಲ. ಹೊಲಾದ್ರೂ ಕೇಳತೈತೇನ ನೋಡು."

ಹೊಲ ಕೇಳಿತು. ಮರುದಿನ ನಸುಕಿನಲ್ಲಿ ಅವನು ಬಂಡಿ ಹೂಡಿ, ಹೊಲದ ಮೇಲಿನ ಎರಿ ಮಣ್ಣು ತುಂಬಿ ತಂದು ತಿಪ್ಪಿಯ ಮೇಲೆ ಸುರುವಿದ. ಎರಡು ಬಂಡಿಗೆ ಆರಡಿ ಆಯಿತು. ವಾರ ಕಳೆಯಿತು, ಎರಡು ವಾರ ಕಳೆಯಿತು, ತಿಪ್ಪಿ ಇಳಿಯಲಿಲ್ಲ. ಮಣ್ಣು ಕೊಳೆಯುವುದಿಲ್ಲ ಎಂಬ ಸಂಗತಿ ಹೀಗೆ ಇಲಾಖೆಯ ಗಮನಕ್ಕೆ ಬಂತು.

ಸಾಹೇಬರು ಟೇಪು ಹಿಡಿದು ನೋಡಿ ಕಣ್ಣೊರೆಸಿಕೊಂಡರು. "ಇಷ್ಟು ಶಿಸ್ತಿನ ಗೊಬ್ಬರವನ್ನು ನನ್ನ ಸರ್ವೀಸಿನಲ್ಲಿ ನೋಡಿಲ್ಲ" ಎಂದರು. ಬುಡ್ಡೇಸಾಬನಿಗೆ ಶಾಲು ಹೊದಿಸಲಾಯಿತು. ತಿಪ್ಪಿಯ ನೆತ್ತಿಯ ಮೇಲೆ, ಕೌದಿ ಹಾಸುವಷ್ಟು ಜಾಗದಲ್ಲಿ ಅವನು ಜೋಳ ಬಿತ್ತಿದ. ಊರಿನ ಅಷ್ಟೂ ಸಗಣಿ ಕೆಳಗಿತ್ತಲ್ಲ, ಜೋಳ ಆಳೆತ್ತರ ಎದ್ದಿತು. ಸಾಹೇಬರು ಅದನ್ನು ಎಕರೆಗೆ ಹಿಗ್ಗಿಸಿ ಲೆಕ್ಕ ಹಾಕಿ, ಇಡೀ ಜಿಲ್ಲೆಯಲ್ಲಿ ಇಂಥ ಇಳುವರಿ ಇಲ್ಲವೆಂದು ವರದಿ ಬರೆದರು.

ಇದನ್ನು ನೋಡಿದ ಮೇಲೆ ಊರವರು ಹಿಂದೆ ಬೀಳಲಿಲ್ಲ. ಅವರ ಗೊಬ್ಬರವೂ ಅದರೊಳಗೇ ಇತ್ತು. ಬಂಡಿಗಳು ಸಾಲುಗಟ್ಟಿದವು. ಬೇಲಿಯನ್ನು ಅಗಲಿಸಲಾಯಿತು. ಎದುರಾದವರು ಈಗ ಮಳೆ ಬೆಳೆ ವಿಚಾರಿಸುತ್ತಿರಲಿಲ್ಲ.

"ಏನೋ ನೀಲಪ್ಪ, ನಿನ್ನ ಹೊಲ ಎಲ್ಲೀತನಕ ಬಂತು?"

"ಅರ್ಧ ಬಂದೈತಿ ಕಾಕಾ. ಉಳದದ್ದು ಹಬ್ಬಕ್ಕ ಬರತೈತಿ."

ಮೋತಿಬಿ ಮೊದಲು ಬುತ್ತಿಯ ಬುಟ್ಟಿ ಹೊತ್ತು ಕೆರೆಯ ಆಚೆಯ ಹೊಲದವರೆಗೆ ನಡೆಯುತ್ತಿದ್ದವಳು. ಈಗ ಅಡುಗೆಮನೆಯಿಂದಲೇ ಕೈ ನೀಡಿ, ತಿಪ್ಪಿಯ ಮೇಲೆ ಕಳೆ ಕೀಳುತ್ತ ಕೂತ ಗಂಡನಿಗೆ ರೊಟ್ಟಿ ಕೊಡುತ್ತಿದ್ದಳು. ಮೊದಲಿನ ಎರಡು ರೊಟ್ಟಿಯ ಬದಲು ಈಗ ಒಂದು ಇರುತ್ತಿತ್ತು.

"ಹೊಲ ಮನೀ ಹತ್ತರ ಬಂತು ನೋಡ. ನಡಿಯೂದು ತಪ್ಪಿತು" ಅಂದ ಬುಡ್ಡೇಸಾಬ, ಆ ಒಂದನ್ನು ಮುರಿಯುತ್ತ.

"ಹೌದಲ್ಲ" ಅಂದಳು ಮೋತಿಬಿ. "ಅಷ್ಟ ನಡಿಯಾಕ ಎರಡ ರೊಟ್ಟಿ ಬೇಕಾಗಿತ್ತು."

ಆ ವರ್ಷ ಮಳೆ ಬೆಳ್ಳಟ್ಟಿಯ ಮೇಲೆ ತುಂಬ ಚೆನ್ನಾಗಿ ಆಯಿತು. ಆದರೆ ಅದು ಹಳೆಯ ರೂಢಿಯಂತೆ ಹೊಲಗಳಿದ್ದ ಜಾಗದಲ್ಲೇ, ಮಣ್ಣು ಹೋಗಿ ಉಳಿದ ಬರೀ ಗರಸಿನ ಮೇಲೆ ಬಿದ್ದು ಹರಿದು ಹೋಯಿತು. ಹೊಲಗಳ ವರ್ಗಾವಣೆಯ ಖಬರು ಮಳೆಗಿನ್ನೂ ಮುಟ್ಟಿರಲಿಲ್ಲ. ಊರಲ್ಲಿ ಯಾರೂ ಅದನ್ನು ದೂರಲಿಲ್ಲ. ಹೊಸ ಪದ್ಧತಿ, ತಿಳಕೊಳ್ಳಲು ಒಂದೆರಡು ವರ್ಷ ಬೇಕಾಗುತ್ತದೆ ಎಂದರು.