ಕಮಲಾಪುರದ ಸರ್ವರ್ ಕೈಕೊಟ್ಟಾಗ

ದವಾಖಾನೆಯ ಕಂಪ್ಯೂಟರ್ ನೋಡಿಕೊಳ್ಳುವ ನನ್ನ ಕೆಲಸದಲ್ಲಿ ಯಂತ್ರಗಳಿಗಿಂತ ಜನರೇ ಹೆಚ್ಚು ತಲೆ ತಿನ್ನುತ್ತಾರೆ. ವಾರಕ್ಕೊಂದು ಪ್ರಸಂಗ ಗ್ಯಾರಂಟಿ. ನಮ್ಮ ಶಾಖೆಗಳು ಮೂರು: ಕಲಬುರಗಿಯಲ್ಲಿ ಗಾಜಿಪುರ, ಶಹಾಬಜಾರ, ಆಚೆಗೆ ಕಮಲಾಪುರ. ಶಾಖೆಗೊಂದು ಸರ್ವರ್, ಮೂರರಲ್ಲೂ ರೋಗಿಗಳ ಅದದೇ ರಿಪೋರ್ಟು. ಒಂದು ಕೆಟ್ಟರೆ ಉಳಿದೆರಡು ಸಂಭಾಳಿಸುತ್ತವೆ, ಎರಡು ಕೆಟ್ಟರೆ ಎಲ್ಲ ಬಂದ್. ಕಮಲಾಪುರದ್ದು ಸತ್ತಾಗ ನಾನಿನ್ನೂ ತಾತ್ಕಾಲಿಕ ನೌಕರ. ಇದನ್ನು ಸರಿಮಾಡಿದರೆ ಕಾಯಂ ಮಾಡುವುದಾಗಿ ದವಾಖಾನೆ ಕಮಿಟಿಯ ಅಧ್ಯಕ್ಷರು ಹೇಳಿದ್ದರು.

ಉಳಿದಿಬ್ಬರ ಒಪ್ಪಿಗೆ

ಸತ್ತ ಸರ್ವರನ್ನು ಮೊದಲು ಮೂರರ ಗುಂಪಿನಿಂದ ತೆಗೆಯಬೇಕು, ಇಲ್ಲದಿದ್ದರೆ ಉಳಿದೆರಡು ಅದರ ದಾರಿ ಕಾಯುತ್ತಲೇ ಇರುತ್ತವೆ ಎಂದು ಅಧ್ಯಕ್ಷರಿಗೆ ವಿವರಿಸಿದೆ. ಅವರು ಸಂಘ, ಸೊಸೈಟಿಗಳಲ್ಲಿ ಪಳಗಿದವರು. ಮುಖ ಗಂಭೀರವಾಯಿತು.

"ಕಮಲಾಪುರದವರನ್ನ ಹಂಗ ಒಮ್ಮೆಲೆ ತೆಗದ್ರ ಬ್ಯಾಸರ ಮಾಡ್ಕೋತಾರ್ರೀ. ಉಳಿದಿಬ್ಬರು ಒಪ್ಯಾರೇನು?"

ಉಳಿದೆರಡು ಸರ್ವರ್ ಒಪ್ಪಬೇಕೆಂಬುದು ನಿಜಕ್ಕೂ ಆ ಸಾಫ್ಟ್‌ವೇರಿನ ನಿಯಮವೇ. "ಒಪ್ಯಾರ್ರೀ," ಎಂದೆ.

"ಗಾಜಿಪುರದವರೂ? ಅವರು ಇಲ್ಲೀತನ ಯಾವುದಕ್ಕೂ ಒಪ್ಪಿದ್ದಿಲ್ಲ. ಇನ್ನೊಮ್ಮೆ ಕೇಳ್ರಿ."

ಬೆಚ್ಚನೆಯ ಜಾಗ

ಸತ್ತದ್ದನ್ನು ಗುಂಪಿನಿಂದ ತೆಗೆದು ಕಮಲಾಪುರಕ್ಕೆ ಹೋದೆ. ಶಾಖೆ ನೋಡಿಕೊಳ್ಳುವ ಮೇಡಂ ಸರ್ವರ್ ಕೋಣೆಯ ಬೀಗ ತೆಗೆದರು. ಯಂತ್ರದ ಬೆನ್ನಿಗೆ ಆತುಕೊಂಡು ಗೋಣಿಚೀಲ ಹೊದ್ದ ಏನೋ ಕೂತಿತ್ತು. ಎತ್ತಿ ನೋಡಿದರೆ ಊರಿನ ಕೆಂಪು ಬಾಳೆಯ ಗೊನೆ. ಬಿಸಿ ಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ಡಿಸ್ಕು ಬೆಂದುಹೋಗಿತ್ತು.

"ಇಲ್ಲಿ ಯಾಕ ಇಟ್ಟೀರಿ ಮೇಡಂ?"

"ಬೆಚ್ಚಗ ಗಾಳಿ ಬರ್ತದಲ್ರೀ, ಲಗೂನ ಹಣ್ಣಾಗ್ತಾವ."

"ಇದರಿಂದನೇ ಸರ್ವರ್ ಸುಟ್ಟದ."

ಅವರಿಗೆ ನಿಜಕ್ಕೂ ಕೆಟ್ಟೆನಿಸಿತು. ಒಂದು ಕಾಯಿ ಒತ್ತಿ ನೋಡಿ, "ಇನ್ನೊಂದು ದಿನ ತಡಕೊಂಡಿದ್ರ ಹಣ್ಣಾಗ್ತಿತ್ತು ನೋಡ್ರಿ," ಎಂದರು.

ಏನೂ ಆಗಲಿಲ್ಲ

ಹೊಸ ಡಿಸ್ಕು ಹಾಕಿ, ಎಲ್ಲವನ್ನೂ ಮೊದಲಿನಿಂದ ಕೂರಿಸಿ, ಶಹಾಬಜಾರದ ಸರ್ವರಿನಿಂದ ಮಾಹಿತಿ ತುಂಬಿಸಲು ಹಚ್ಚಿದೆ. ಆ ಹೊತ್ತಿನಲ್ಲಿ ಇನ್ನೊಂದು ನಿಂತರೆ ಮೂರೂ ಕಡೆ ರೋಗಿಗಳು ರಿಪೋರ್ಟಿಲ್ಲದೆ ಕೂರಬೇಕು, ನನ್ನ ನೌಕರಿಗೂ ಎಳ್ಳುನೀರು. ಹೆದರಿಕೆಗೆ ಊಟ ಸೇರಲಿಲ್ಲ. ಪರದೆಯನ್ನೇ ನೋಡುತ್ತ ಚಹಾದ ಮೇಲೆ ಚಹಾ ಕುಡಿದೆ. ಸಂಜೆಗೆ ಕಮಲಾಪುರದ ಸರ್ವರ್ ಮತ್ತೆ ಗುಂಪಿಗೆ ಸೇರಿಕೊಂಡಿತು. ಒಂದೇ ಒಂದು ರಿಪೋರ್ಟೂ ತಪ್ಪಿರಲಿಲ್ಲ. ಖುಷಿಗೆ ಕಣ್ಣು ತುಂಬಿ ಬಂತು.

ಮರುದಿನ ಅಧ್ಯಕ್ಷರು ನನ್ನೆದುರೇ ಮೇಡಂಗೆ ಫೋನ್ ಮಾಡಿ, ಸ್ಪೀಕರ್ ಹಚ್ಚಿ, ನಾನು ಏನೇನು ಮಾಡಿದೆನೆಂದು ಕೇಳಿದರು.

"ಬಂದಿದ್ರಲ್ರೀ. ಡಬ್ಬಿ ಮುಂದ ಕುಂತು ಭಾಳ ಚಾ ಕುಡದ್ರು. ರಿಪೋರ್ಟ್ ಮುಂಜಾನಿನೂ ಬರ್ತಿದ್ದವು, ಸಂಜಿಗೂ ಬರ್ತಿದ್ದವು."

ಅಧ್ಯಕ್ಷರು ಫೋನಿಟ್ಟು ನಿಟ್ಟುಸಿರು ಬಿಟ್ಟರು. "ನಿಮಗಿಂತ ಮೊದಲಿದ್ದವರು ಕೈ ಹಚ್ಚಿದ್ರಂದ್ರ ಇಡೀ ದವಾಖಾನಿ ನಿಂತುಬಿಡ್ತಿತ್ತು. ಮಂದಿ ಎಲ್ಲ ಗದ್ದಲ. ಅವರನ್ನ ಬಂದ ವರ್ಷನೇ ಕಾಯಂ ಮಾಡಿದ್ವಿ."

"ಸರ್, ಏನೂ ನಿಲ್ಲಬಾರದಂತನೇ ಅಷ್ಟೆಲ್ಲಾ ಮಾಡಿದ್ದು."

"ನನಗ ತಿಳೀತದ್ರೀ. ನಿಮ್ಮ ಕೆಲಸ ಕಮಿಟಿಯವರಿಗೆ ಕಾಣಬೇಕಲ್ಲ?" ಅಧ್ಯಕ್ಷರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮೀಟಿಂಗ್ ಇದ್ದ ದಿನ ಒಂದರ್ಧ ತಾಸು ಎಲ್ಲ ಬಂದ್ ಮಾಡ್ರಿ. ಅವತ್ತೇ ಕಾಯಂ ಮಾಡಿಬಿಡ್ತೀವಿ."