ನಲವತ್ತು ಉಪ್ಪಿನ ಪೊಟ್ಟಣ

ಡಾಕ್ಟರ್ ಕುಬಾತ್ ಮಾಡಿದ ತಪ್ಪು ಇಷ್ಟೇ: ಗುಂಪುಗಳಿಗೆ ಒಂದು, ಎರಡು ಎಂದು ಹೆಸರಿಟ್ಟ.

ಹೊಸ ಬಗೆಯ ಉಪ್ಪು ರಕ್ತದೊತ್ತಡ ಇಳಿಸುತ್ತದೆಯೇ ಎಂಬುದು ಅವನ ಸಂಶೋಧನೆ. ಹಳ್ಳಿಯ ನಲವತ್ತು ಜನರಲ್ಲಿ ಅರ್ಧ ಜನ, ಅಲ್ಲಿ ದಿನವೂ ಉಪ್ಪು ಬೆರೆಸಿ ಕುಡಿಯುವ ಹಾಲುಚಹಾಕ್ಕೆ ಹೊಸ ಉಪ್ಪು ಹಾಕಬೇಕು, ಉಳಿದವರು ಹಳೆಯದನ್ನೇ. ಎರಡೂ ಗುಂಪಿನಲ್ಲಿ ಮುದುಕರು, ಹರೆಯದವರು ಬೆರೆತಿರಬೇಕು. ಇಲ್ಲದಿದ್ದರೆ ವ್ಯತ್ಯಾಸ ಉಪ್ಪಿನದೋ ವಯಸ್ಸಿನದೋ ತಿಳಿಯುವುದಿಲ್ಲ. ಅದಕ್ಕೇ ಚೀಟಿ ಎತ್ತಿಸಿದ. ಸಂಜೆ ರಾಜಧಾನಿ ಬಿಷ್ಕೆಕ್‌ನಿಂದ ಬರುವ ಪ್ರೊಫೆಸರ್ ಮಾಮಿರೋವ್ ಒಪ್ಪದಿದ್ದರೆ ಮೂರು ವರ್ಷದ ದುಡಿಮೆ ನೀರುಪಾಲು.

ಎಪ್ಪತ್ತೆಂಟರ ಸತಾರ್ಕುಲ್ ಅಜ್ಜನಿಗೆ ಬಂದದ್ದು ಎರಡು.

"ಏನ್ ಮಗಾ, ಈ ಊರಲ್ಲಿ ನನಗಿಂತ ಮೊದ್ಲು ಯಾರಿಗಾದ್ರೂ ಚಹಾ ಕೊಟ್ಟಿದ್ದು ನೋಡಿದೀಯಾ? ಈಗ ನಾನು ಎರಡನೇದಾ?"

"ಅಜ್ಜಾ, ಇಲ್ಲಿ ಹಿರಿಯ ಕಿರಿಯ ಅಂತಿಲ್ಲ. ಇದು ವಿಜ್ಞಾನ!"

"ನಿನ್ ವಿಜ್ಞಾನಕ್ಕೆ ಅಪ್ಪ ಅಮ್ಮ ಇಲ್ವಾ?"

ಪಕ್ಕದಲ್ಲಿದ್ದ ಟ್ರ್ಯಾಕ್ಟರ್ ಚಾಲಕ ಎದ್ದು, ತನ್ನ ಒಂದನೇ ಚೀಟಿಯನ್ನು ಎರಡೂ ಕೈಯಲ್ಲಿ ಅಜ್ಜನಿಗೆ ಒಪ್ಪಿಸಿದ. ಅದನ್ನು ಕಂಡು ಉಳಿದ ಕಿರಿಯರಿಗೂ ನಾಚಿಕೆಯಾಯಿತು. ಕ್ಷಣದಲ್ಲಿ ಬಿಳಿಗಡ್ಡಗಳೆಲ್ಲ ಒಂದನೇ ಗುಂಪಿನಲ್ಲಿ, ಕರಿಮೀಸೆಗಳೆಲ್ಲ ಎರಡನೆಯದರಲ್ಲಿ.

ಕುಬಾತ್ ಹೆಸರು ಬದಲಿಸಿ ಕುದುರೆ ಗುಂಪು, ಕುರಿ ಗುಂಪು ಎಂದ. ಕುರಿಯಾಗಲು ಒಬ್ಬನೂ ಒಪ್ಪಲಿಲ್ಲ.

ಮಧ್ಯಾಹ್ನ ಅವನಿಗೆ ಉಪಾಯ ಹೊಳೆಯಿತು. ಗುಂಪೇ ಬೇಡ! ನಲವತ್ತು ಪೊಟ್ಟಣವೂ ಒಂದೇ ತರಹ, ಮೇಲೆ ಅಂಕಿ ಮಾತ್ರ. ಯಾವ ಅಂಕಿಯಲ್ಲಿ ಯಾವ ಉಪ್ಪು ಎಂಬ ಪಟ್ಟಿ ನರ್ಸ್ ಜೂರಾಕನ್ ಹತ್ತಿರ. ಅವಳು ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಹಂಚಬೇಕು. ಪಡೆದವರಿಗೂ ಗೊತ್ತಿಲ್ಲ, ಕುಬಾತನಿಗೂ ಗೊತ್ತಿಲ್ಲ.

ಊರು ತಣ್ಣಗಾಯಿತು. ಸಂಜೆ ಬಂದ ಪ್ರೊಫೆಸರ್ ಇದನ್ನು ಕೇಳಿ ಕುಣಿಯುವುದೊಂದೇ ಬಾಕಿ. "ಭೇಷ್! ರಾಜಧಾನಿಯಲ್ಲೂ ಇಷ್ಟು ಅಚ್ಚುಕಟ್ಟು ಇಲ್ಲ ಕಣಯ್ಯಾ!" ಸತಾರ್ಕುಲ್ ಅಜ್ಜ ತನ್ನ ಟೋಪಿ ತೆಗೆದು, ಗೌರವಕ್ಕೆಂದು ಕುಬಾತನ ತಲೆಗಿಟ್ಟ. ಜನ ಚಪ್ಪಾಳೆ ತಟ್ಟಿದರು. ಕುಬಾತನ ಎದೆ ಉಬ್ಬಿತು.

"ಹಂಚೋದು ಕಷ್ಟ ಆಯ್ತೇನಮ್ಮಾ?" ಪ್ರೊಫೆಸರ್ ನರ್ಸನ್ನು ವಿಚಾರಿಸಿದರು.

"ಆಯ್ತು ಸಾರ್," ಜೂರಾಕನ್ ಹೆಮ್ಮೆಯಿಂದ ಹೇಳಿದಳು. "ಇವರು ಕಣ್ಮುಚ್ಚಿ ಕೊಡು ಅಂದ್ರು. ಒಳ್ಳೇ ಉಪ್ಪನ್ನ ಹಿರಿಯರಿಗೆ ತಪ್ಪಿಸಿ ಹುಡುಗರಿಗೆ ಕೊಡೋಕೆ ನಾನೇನು ಮನೆ ಮಠ ಇಲ್ದೇ ಬೆಳೆದವಳಾ? ಪಟ್ಟಿ ನೋಡಿ ನೋಡಿ, ಹೊಸದೆಲ್ಲ ಅಜ್ಜಂದಿರಿಗೇ ಆರಿಸಿ ಕೊಟ್ಟೆ!"

ಚಪ್ಪಾಳೆ ಇನ್ನೂ ಜೋರಾಯಿತು. ಎಪ್ಪತ್ತು ದಾಟಿದ ಪ್ರೊಫೆಸರ್ ಕಣ್ಣೊರೆಸಿಕೊಂಡರು, ಅವಳ ತಲೆ ಮುಟ್ಟಿ ಹರಸಿದರು. ಆಮೇಲೆ ಪೆನ್ನು ತೆಗೆದು ಕುಬಾತನ ಕಡತದ ಮೇಲೆ ಉದ್ದನೆಯ ಅಡ್ಡಗೆರೆ ಎಳೆದರು.

"ಮೊದಲಿಂದ ಶುರು ಮಾಡು," ಎಂದು ಅವನಿಗೆ ಹೇಳಿ, ನರ್ಸ್ ಕಡೆ ತಿರುಗಿದರು. "ಆ ಹೊಸ ಉಪ್ಪು ನಂಗೂ ಎರಡು ಪೊಟ್ಟಣ ಕಟ್ಟಿಕೊಡಮ್ಮಾ."