ಹೆಪ್ಪಿನ ಮಡಕೆಯಲ್ಲಿ ವೆಲ್ಕೊನ ಕಾಲು

"ತೆಗೀರಿ ಅಂದೆ! ಮೊದಲು ಆ ಮಡಕೆಯಿಂದ ಕಾಲು ತೆಗೀರಿ!"

ಸ್ಟಾಮೆನಾಳ ಕೂಗಿಗೆ ರೊಡೋಪಿ ಬೆಟ್ಟದ ಕುರಿಗಳೆಲ್ಲ ಒಮ್ಮೆ ತಲೆ ಎತ್ತಿರಬೇಕು. ಗಂಡ ವೆಲ್ಕೊ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕುರಿಹಾಲಿನ ಗಟ್ಟಿ ಮೊಸರಲ್ಲಿ ಬಲಗಾಲು ಇಳಿಬಿಟ್ಟುಕೊಂಡು ಒಲೆ ಪಕ್ಕ ಮಹಾರಾಜನ ಹಾಗೆ ಕೂತಿದ್ದ.

ವೆಲ್ಕೊ: ಇನ್ನೊಂದು ಸ್ವಲ್ಪ ಹೊತ್ತು ಕಣೇ. ಈಗ ತಾನೇ ತಂಪು ಹತ್ತಿದೆ.

ಸ್ಟಾಮೆನಾ: ರೀ, ಅದು ನಮ್ಮಮ್ಮ ಕೊಟ್ಟ ಹೆಪ್ಪಿನ ಮೊಸರು! ಮನೇಲಿ ಉಳಿದಿರೋದು ಅದೊಂದೇ! ಮದುವೆ ದಿನ ಮಗಳು ನೆವೆನಾ ಅದನ್ನ ಹಿಡ್ಕೊಂಡೇ ಗಂಡನ ಮನೆ ಹೊಸ್ತಿಲು ದಾಟಬೇಕು. ರುಚಿ ನೋಡೋಕೆ ಬೀಗಿತ್ತಿ ಇನ್ನೇನು ಬಂದುಬಿಡ್ತಾರೆ!

ವೆಲ್ಕೊ: ಎಲ್ಲಾ ನೀನು ಹೇಳಿಕೊಟ್ಟಿದ್ದೇ.

ಸ್ಟಾಮೆನಾ: ಕಾಲಿಡಿ ಅಂತ ನಾನು ಹೇಳಿದ್ನಾ?

ವೆಲ್ಕೊ: ಚೀಸ್ ಪೀಪಾಯಿ ಮುಚ್ಚಳಕ್ಕೆ ಮೊಸರಿನ ತಿಳಿ ಸವರ್ತೀಯ. ಯಾಕೆ?

ಸ್ಟಾಮೆನಾ: ಬೂಷ್ಟು ಹಿಡೀಬಾರದು ಅಂತ.

ವೆಲ್ಕೊ: ಬ್ರೆಡ್ ಹಿಟ್ಟಿಗೂ ಅದನ್ನೇ ಸುರೀತೀಯ. ಯಾಕೆ?

ಸ್ಟಾಮೆನಾ: ಬೂಷ್ಟು ಬೇಗ ಬರದೆ ಇರಲಿ ಅಂತ. ಮೊಸರಲ್ಲಿರೋ ಸಣ್ಣ ಜೀವಿಗಳು ಹುಳಿ ಬಿಟ್ಟು ಅದನ್ನ...

ವೆಲ್ಕೊ: ಸಿಕ್ಕಿಬಿದ್ಯಲ್ಲ! ನನ್ನ ಬೆರಳ ಸಂದಿ ತುರಿಕೆ ಏನು ಅಂದ್ರು ಡಾಕ್ಟ್ರು? ಅದೂ ಒಂದು ಜಾತಿ ಬೂಷ್ಟೇ!

ಸ್ಟಾಮೆನಾ: ಮುಲಾಮು ಕೊಟ್ಟಿದ್ರಲ್ಲ, ಅದೆಲ್ಲಿ ಹೋಯ್ತು?

ವೆಲ್ಕೊ: ಎಸೆದೆ. ಕೆಟ್ಟ ವಾಸನೆ.

ಸ್ಟಾಮೆನಾ: ನಿಮ್ಮ ಕಾಲಿಗಿಂತಲಾ?

ವೆಲ್ಕೊನ ಮುಖ ಸಣ್ಣದಾಯಿತು.

ವೆಲ್ಕೊ: ನಗು, ನಗು. ಮಗಳ ಮದುವೇಲಿ ಕುಣಿಯೋರ ಸಾಲಿಗೆ ಅಪ್ಪ ಮುಂದೆ ನಿಲ್ಲಬೇಕು. ಬೂಟು ಹಾಕಿದ್ರೆ ಸಾಕು, ವಾದ್ಯ ಶುರುವಾಗೋ ಮುಂಚೆನೇ ಕುಣೀತಿರ್ತೀನಿ. ಅವಳಿಗೆ ಅವಮಾನ ಅಲ್ವೇನೇ?

ಸ್ಟಾಮೆನಾಳಿಗೆ ಅಯ್ಯೋ ಪಾಪ ಅನ್ನಿಸಿತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬೀಗಿತ್ತಿ ಕೇರಾ ಒಳಗೇ ಬಂದುಬಿಟ್ಟಳು. ಸ್ಟಾಮೆನಾ ಕೈಗೆ ಸಿಕ್ಕ ಕಂಬಳಿಯನ್ನು ಗಂಡನ ಮೊಣಕಾಲ ಮೇಲೆ ಎಸೆದಳು. ಕಾಲೂ ಮಡಕೆಯೂ ಮರೆಯಾದವು.

ಕೇರಾ: ಎಲ್ಲಮ್ಮಾ, ಹೆಸರುವಾಸಿ ಮೊಸರು?

ಸ್ಟಾಮೆನಾ: ಮೊದಲು ಒಂದು ಗುಟುಕು ರಾಕಿಯಾ ಸಾರಾಯಿ ತಗೊಳ್ಳಿ ಬೀಗಿತ್ತಿಯವರೇ.

ಕೇರಾ: ಕುಡಿದು ರುಚಿ ನೋಡೋದುಂಟಾ? ಇದೇನು ಬೀಗರೇ, ಬೇಸಿಗೇಲಿ ಕಂಬಳಿ?

ವೆಲ್ಕೊ: ಚಳಿ... ಒಂದೇ ಕಾಲಿಗೆ.

ಕೇರಾ ಕಂಬಳಿ ಸರಕ್ಕನೆ ಎಳೆದಳು. ಮೂವರೂ ಮಡಕೆ ನೋಡಿದರು. ಸ್ಟಾಮೆನಾ ಅಳುವುದಕ್ಕೇ ಶುರುಮಾಡಿದಳು.

ಸ್ಟಾಮೆನಾ: ಮುಗೀತು! ನನ್ನ ಮಗಳು ಬರಿಗೈಲಿ ಬರೋ ಹಾಗಾಯ್ತು! ಬೇಕಾದ್ರೆ ಬೈದುಬಿಡಿ, ಸಂಬಂಧ ಮಾತ್ರ ಬೇಡ ಅನ್ನಬೇಡಿ.

ಕೇರಾ: ಸ್ವಲ್ಪ ಸುಮ್ಮನಿರಮ್ಮ. ಬೀಗರೇ, ತುರಿಕೆ ನಿಂತಿತಾ?

ವೆಲ್ಕೊ: ಈಗ ಕಮ್ಮಿ ಅನ್ನಿಸ್ತಿದೆ.

ಕೇರಾ ಬಾಗಿಲತ್ತ ಒಮ್ಮೆ ನೋಡಿ, ಕುರ್ಚಿ ಎಳೆದು ಕೂತು, ಕಾಲುಚೀಲ ಕಳಚತೊಡಗಿದಳು.

ಕೇರಾ: ಜರುಗಿ ಆ ಕಡೆ. ನಮ್ಮನೆ ಹಳೇ ಹೆಪ್ಪಿನ ಮೊಸರಲ್ಲಿ ನಾನೂ ಕಾಲಿಟ್ಟು ನೋಡಿದೆ, ತುರಿಕೆಗೆ ಏನೂ ಆಗಲಿಲ್ಲ.

ಸ್ಟಾಮೆನಾ: ಅಯ್ಯೋ ದೇವರೇ! ಹಾಗಾದ್ರೆ ಹೆಪ್ಪಿಗೆ ಏನು ಗತಿ?

ಕೇರಾ: ಅದಕ್ಯಾಕೆ ಚಿಂತೆ? ನಿಮ್ಮ ನೆವೆನಾ ಬಂದಾಗೆಲ್ಲ ಇದೇ ಹೆಪ್ಪು ತಂದು ನಮ್ಮನೇಲಿ ಹಾಲಿಗೆ ಹಾಕಿ ಹೋಗ್ತಾಳೆ.

ಸ್ಟಾಮೆನಾ: ಬಂದಾಗೆಲ್ಲಾನಾ? ನಿಮ್ಮನೆ ದಾರಿನೇ ಗೊತ್ತಿಲ್ಲ ಅಂದಿದ್ಲಲ್ರೀ ನನ್ನ ಮಗಳು!

ಕೇರಾ: ನನ್ನ ಮಗನೂ ಹಾಗೇ ಅಂದ. ಮೊಸರು ಮಾತ್ರ ಪೊಗದಸ್ತಾಗಿದೆ.

ಸ್ಟಾಮೆನಾ: ಅದರಲ್ಲಿ ನೀವು... ಕಾಲು...?

"ಛೀ ಛೀ, ಏನು ಮಾತು ಅಂತ ಆಡ್ತೀರಮ್ಮ!" ಕೇರಾ ಕಣ್ಣು ಮುಚ್ಚಿ, ಹಾಯ್ ಅಂತ ಉಸಿರು ಬಿಟ್ಟು, ವೆಲ್ಕೊನ ಕಾಲಿನ ಪಕ್ಕಕ್ಕೆ ತನ್ನ ಕಾಲನ್ನೂ ಮಡಕೆಗೆ ಇಳಿಸಿದಳು. "ತಿನ್ನೋ ಮೊಸರಲ್ಲಿ ಯಾರಾದ್ರೂ ಕಾಲಿಡ್ತಾರಾ?"